ಒದ್ದೆಯಾಗಬಾರದ ನೂಲು

ಲಾಳಿಯ ಹೊಟ್ಟೆಯಲ್ಲಿ ನೂಲು ಸುತ್ತಿದ ಕಂಡಿಕೆ ಕೂಡಿಸಿದ ಮೇಲೆ ನೂಲಿನ ತುದಿಯನ್ನು ಪಕ್ಕದ ತೂತಿನಿಂದ ಹೊರಗೆ ತರಬೇಕು. ಬೆರಳು ಹೋಗದ ತೂತು ಅದು. ನೇಕಾರ ಅದಕ್ಕೆ ತುಟಿ ಹಚ್ಚಿ ಒಮ್ಮೆ ಉಸಿರೆಳೆದರೆ ನೂಲು ಬಾಯಿಗೆ ಬರುತ್ತದೆ. ಕಂಡಿಕೆ ಮುಗಿದಾಗಲೆಲ್ಲ ಇದೇ ಕೆಲಸ. ಲಾಳಿಗಳು ಕೈಯಿಂದ ಕೈಗೆ ಹೋಗುತ್ತವೆ. ಅಂದರೆ ಒಬ್ಬನ ಎಂಜಲು ಇನ್ನೊಬ್ಬನ ಬಾಯಿಗೆ ದಿನವಿಡೀ ಓಡಾಡುತ್ತಿರುತ್ತದೆ. ಈ ಕಾರಣಕ್ಕೆ ಕಲಬುರಗಿಯ ನಂದೂರ ದಾರಿಗಿದ್ದ ದೇವೀಂದ್ರಪ್ಪ ಸಾವಕಾರನ ನೇಯ್ಗೆ ಕಾರಖಾನೆಯಲ್ಲಿ ಹೊಲಗೇರಿಯ ಯಾರೂ ಮಗ್ಗಕ್ಕೆ ಕೂಡುವಂತಿರಲಿಲ್ಲ. ಹಾಗೆಂದು ಯಾರೂ ಎಲ್ಲಿಯೂ ಬರೆದು ಹಚ್ಚಿರಲಿಲ್ಲ. ಬರೆಯುವ ಗರಜೂ ಬಿದ್ದಿರಲಿಲ್ಲ.

ದೌಲಪ್ಪ ಕಮಲಾಪುರದ ಹೊಲಗೇರಿಯವನು, ಹುಟ್ಟಾ ನೇಕಾರ. ಅವನ ಮನೆಯ ಕುಣಿಮಗ್ಗದಲ್ಲಿ, ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು, ಅಜ್ಜ, ಅಪ್ಪ ದಪ್ಪ ಧೋತರ, ಹಚ್ಚಡ ನೇಯ್ದಿದ್ದರು. ಊರಿನ ಒಕ್ಕಲು ಮಂದಿ ಕೇರಿಯ ಅಂಚಿಗೆ ನಿಂತು ಅವನ್ನು ಕೊಳ್ಳುತ್ತಿದ್ದರು. ಕೊಂಡ ಬಟ್ಟೆಯನ್ನು ಹಳ್ಳದಲ್ಲಿ ಒಮ್ಮೆ ಅದ್ದಿ, ಹಿಂಡಿ, ಆಮೇಲೆ ಮನೆಗೆ ಒಯ್ಯುತ್ತಿದ್ದರು. ನೀರು ಬಿದ್ದ ಮೇಲೆ ಆ ಬಟ್ಟೆ ಯಾರು ನೇಯ್ದದ್ದೆಂಬುದು ಮರೆತು ಹೋಗುತ್ತಿತ್ತು. ಮುಂದೆ ಗಿರಣಿಯ ಬಟ್ಟೆ ಅಗ್ಗವಾಗಿ ಬಂದು ಅದ್ದುವ ತ್ರಾಸೂ ತಪ್ಪಿತು. ದೌಲಪ್ಪ ಕುಣಿಮಗ್ಗವನ್ನು ಹೆಂಡತಿ ಅಂಬಮ್ಮನಿಗೆ ಬಿಟ್ಟು ಕಲಬುರಗಿಗೆ ಬಂದ.

ಕಾರಖಾನೆಯಲ್ಲಿ ಅವನದು ಹೊರುವ ಕೆಲಸ. ಸ್ಟೇಶನ್ ಬಜಾರದಿಂದ ನೂಲಿನ ಗಂಟು ತರುವುದು, ನೇಯ್ದ ಬಟ್ಟೆಯ ಗಂಟು ಒಯ್ಯುವುದು. ಅವನು ಹೊತ್ತು ತಂದ ಹತ್ತಿಯ ನೂಲು ಜೋಳದ ಗಂಜಿಯಲ್ಲಿ ಮುಳುಗಿಯೇ ಮಗ್ಗಕ್ಕೆ ಏರುತ್ತಿತ್ತು. ಹೀಗಾಗಿ ಅವನು ಮುಟ್ಟಿದ್ದು ಗಂಜಿಯ ಹಂಡೆಯಲ್ಲೇ ತೊಳೆದು ಹೋಗುತ್ತಿತ್ತು. ಸಾವಕಾರನ ಕೊರಳಲ್ಲಿ ಲಿಂಗವಿತ್ತು. ಲಿಂಗ ಕಟ್ಟಿಕೊಂಡವನಿಗೆ ಮೈಲಿಗೆ ಎಂಬುದಿಲ್ಲ ಎಂದು ಶ್ರಾವಣದ ಪುರಾಣದಲ್ಲಿ ಅವನೇ ಮಂದಿಗೆ ಬಿಡಿಸಿ ಹೇಳುತ್ತಿದ್ದ. ಕಾರಖಾನೆಯ ಮಾತು ಬೇರೆ.

ಗೋಡೆಯ ಪಕ್ಕದ ಕೊನೆಯ ಮಗ್ಗ ಖಾಲಿ ಬಿದ್ದು ಬಹಳ ದಿನವಾಗಿತ್ತು. ಗಂಟು ಇಳಿಸಿದಾಗಲೆಲ್ಲ ದೌಲಪ್ಪ ಅದನ್ನು ನೋಡುತ್ತಿದ್ದ. ಒಮ್ಮೆ ಮೇಸ್ತ್ರಿ ತುಕಾರಾಮನನ್ನು ಕೇಳಿಯೂ ಬಿಟ್ಟ. ತುಕಾರಾಮ ನೇಕಾರರ ಹಿರಿಯ, ಕೆಟ್ಟವನಲ್ಲ, ಹಬ್ಬಕ್ಕೆ ದೌಲಪ್ಪನಿಗೆ ಹಳೆಯ ಧೋತರ ಕೊಡುತ್ತಿದ್ದವನು. ಅವನು ಸಮಾಧಾನದಿಂದಲೇ ಹೇಳಿದ:

“ನಿನ್ನ ಕೈಗೆ ನಾ ಏನೂ ಅನ್ನಂಗಿಲ್ಲೋ ದೌಲ್ಯಾ. ನಿನ್ನ ಕೈ ನಮ್ಮ ಕೈಗಿಂತ ಛಲೋನೇ ಇರಬಹುದು. ತಕರಾರು ಬಾಯಿದು.”

ಹೈದರಾಬಾದಿನ ಒಂದು ಅಂಗಡಿ ಮದುವೆಯ ಸುಗ್ಗಿಗೆ ಹೊಳೆಯುವ ರುಮಾಲುಗಳನ್ನು ಕೇಳಿತು. ರೇಷ್ಮೆಯ ಹೊಳಪು ಬೇಕು, ರೇಷ್ಮೆಯ ದರ ಬೇಡ. ಸಾವಕಾರ ಬನಾವಟಿ ರೇಶ್ಮಿಯನ್ನು, ಅಂದರೆ ಕೃತಕ ರೇಷ್ಮೆಯ ನೂಲನ್ನು, ತರಿಸಲು ಗೊತ್ತು ಮಾಡಿದ. ಅದರ ಗುಣ ಬಲ್ಲವನು ಬೇಕೆಂದು ಸಲಾವುದ್ದೀನ್ ಎಂಬ ಮಾಸ್ತರನನ್ನು ಕರೆಸಿದ. ಅವನು ಹೈದರಾಬಾದಿನಲ್ಲಿ ರಸಾಯನಶಾಸ್ತ್ರ ಓದಿ ಮುಂಬಯಿಯ ಬಣ್ಣದ ಕಾರಖಾನೆಯಲ್ಲಿ ಕೆಲವು ವರ್ಷ ಕೆಲಸ ಮಾಡಿದ್ದ.

ಪೆಟ್ಟಿಗೆಗಳು ಬರುವ ಮೊದಲೇ ಮಾಸ್ತರ ಅಂಗಳದಲ್ಲಿ ಎಲ್ಲರನ್ನೂ ಕೂಡಿಸಿದ. ಈ ನೂಲು ಹೇಗೆ ಹುಟ್ಟುತ್ತದೆಂದು ಕಂಡರೆ ಅದನ್ನು ನಡೆಸಿಕೊಳ್ಳುವ ರೀತಿಯೂ ತಿಳಿಯುತ್ತದೆ ಎಂಬುದು ಅವನ ವಾದ. ಮೈಲುತುತ್ತದಿಂದ ತೆಗೆದ ತಾಮ್ರದ ಗಸಿಯನ್ನು ಮೂಗು ಸುಡುವ ಅಮೋನಿಯದ ನೀರಿನಲ್ಲಿ ಕರಗಿಸಿದ. ಗಾಜಿನ ಪಾತ್ರೆಯಲ್ಲಿ ಕಡುನೀಲಿ ರಸವಾಯಿತು. ಅದರಲ್ಲಿ ನೆಲದ ಮೇಲೆ ಬಿದ್ದಿದ್ದ ಹತ್ತಿಯ ಕಸ ಹಾಕಿ ಕಲಕುತ್ತ ಕೂತ. ಹೊತ್ತು ಏರಿದ ಹಾಗೆ ಹತ್ತಿ ಕಾಣದಾಯಿತು. ರಸ ಜೇನಿನ ಹಾಗೆ ಮಂದವಾಯಿತು. ಅದನ್ನು ದನದ ಡಾಕ್ಟರರಿಂದ ಕೇಳಿ ತಂದ ಸೂಜಿ ಪಿಚಕಾರಿಯಲ್ಲಿ ತುಂಬಿ, ನೀರು ಬೆರೆಸಿದ ತೇಜಾಬಿನ, ಅಂದರೆ ಆಮ್ಲದ, ಬೋಗುಣಿಯೊಳಗೆ ಸೂಜಿಯ ಮೂತಿ ಇಟ್ಟು ಮೆಲ್ಲಗೆ ಒತ್ತಿದ. ಸೂಜಿಯಿಂದ ನೀಲಿ ಎಳೆ ಹೊರಟಿತು. ಹೊರಟದ್ದೇ ಗಟ್ಟಿಯಾಯಿತು, ನೀಲಿ ಬಿಡುತ್ತ ಬಿಡುತ್ತ ಬೆಳ್ಳಗಾಯಿತು. ಮಾಸ್ತರ ತುದಿಯನ್ನು ಚಿಮಟಿಗೆಯಿಂದ ಹಿಡಿದು ಗಾಜಿನ ಕೋಲಿಗೆ ಸುತ್ತಿದ. ಹಿಂಜಲಿಲ್ಲ, ಹುರಿ ಮಾಡಲಿಲ್ಲ, ರಾಟಿ ತಿರುವಲಿಲ್ಲ, ನೂಲು ಆಯಿತು.

ಹೊರದೇಶದಲ್ಲಿ ಮರದ ತಿರುಳಿನಿಂದಲೂ ಹೀಗೆಯೇ ಮಾಡುತ್ತಾರೆಂದು ಅವನು ತಿಳಿಸಿದ. ಒಂದು ಸೂಜಿಯ ಬದಲು, ಕಣ್ಣಿಗೆ ಕಂಡೂ ಕಾಣದ ನೂರಾರು ತೂತುಗಳ ಲೋಹದ ಬಿಲ್ಲೆಯಿಂದ ರಸವನ್ನು ಒತ್ತುತ್ತಾರೆ. ಅಷ್ಟೂ ಎಳೆಗಳು ಸೇರಿ ಒಂದು ನೂಲಾಗುತ್ತದೆ. ಇನ್ನೊಂದು ಬಗೆಯಲ್ಲಿ ತೇಜಾಬೂ ಬೇಡ, ಬಿಸಿ ಗಾಳಿಗೇ ಎಳೆ ಒಣಗುತ್ತದೆ. ಬಿಜಲಿಯ ಸೆಳೆತದಿಂದ ರಸದ ಹನಿಯನ್ನೇ ಜಗ್ಗಿ ಜೇಡನ ಬಲೆಗಿಂತ ಸಣ್ಣ ಎಳೆ ತೆಗೆಯುವ ಉಪಾಯವೂ ಬಂದಿದೆಯೆಂದು ಅವನು ಯಾವುದೋ ಪತ್ರಿಕೆಯಲ್ಲಿ ಓದಿದ್ದ. ಅಂಥ ಒಂದೊಂದೇ ಎಳೆ ಕಣ್ಣಿಗೆ ಕಾಣುವುದೇ ಇಲ್ಲವಂತೆ.

“ಕಣ್ಣಿಗಿ ಕಾಣದ ನೂಲಿದ್ರ ಛಲೋನೇ ಆತ್ರಿ ಸಾಹೇಬ್ರ,” ಎಂದು ದೌಲಪ್ಪ ಬಾಗಿಲ ಹತ್ತಿರದಿಂದ ಹೇಳಿದ. “ಯಾರು ಮುಟ್ಟಿದ್ರು ಅಂತ ಯಾರಿಗಿ ಗೊತ್ತಾಗತದ?”

ಮಗ್ಗ ದುರಸ್ತಿಯ ಬಡಿಗ ಶಬ್ಬೀರ್ ಒಬ್ಬನೇ ನಕ್ಕ. ತುಕಾರಾಮ ಬೋಗುಣಿಯ ಕಡೆಗೇ ನೋಡುತ್ತ ಕೂತ.

ಕೊನೆಗೆ ಮಾಸ್ತರ ಮುಖ್ಯವಾದದ್ದನ್ನು ಹೇಳಿದ. ಹತ್ತಿಗೆ ನೀರು ಬಿದ್ದರೆ ಬಲ ಹೆಚ್ಚುತ್ತದೆ. ಇದಕ್ಕೆ ನೀರು ಬಿದ್ದರೆ ಅರ್ಧ ಬಲ ಹೋಗುತ್ತದೆ, ಜಗ್ಗಿದರೆ ಹರಿಯುತ್ತದೆ, ಒಣಗಿದ ಮೇಲಷ್ಟೇ ಬಲ ತಿರುಗಿ ಬರುತ್ತದೆ. ಮಗ್ಗದ ಉದ್ದಕ್ಕೆ ಕಟ್ಟುವ ಹಾಸುನೂಲಿಗೆ ಅಲ್ಲಿಯೇ ಗಂಜಿ ಕುಡಿಸಿ ಒಣಗಿಸಿ ಕಳಿಸುತ್ತಾರೆ, ಇಲ್ಲಿ ಅದ್ದಬಾರದು. ಹಾಸಿಗೂ, ಲಾಳಿ ಅಡ್ಡ ಒಯ್ಯುವ ಹೊಕ್ಕಿಗೂ ಒಂದು ಹನಿ ತಾಗಬಾರದು. ನೇಕಾರರು ತಲೆದೂಗಿದರು. ಅಲ್ಲಿ ಗಂಜಿ ಕುಡಿಸಿದ ಕೈ ಯಾವ ಜಾತಿಯದೆಂದು ಯಾರೂ ಕೇಳಲಿಲ್ಲ.

ಪೆಟ್ಟಿಗೆಗಳು ಬಂದವು. ದೌಲಪ್ಪನೇ ಹೊತ್ತು ತಂದು ಕೋಣೆಯಲ್ಲಿ ಇಳಿಸಿದ. ಮರದ ಪೆಟ್ಟಿಗೆ ಮುಟ್ಟಿದರೆ ಒಳಗಿನ ನೂಲು ಮುಟ್ಟಿದಂತಲ್ಲ ಎಂದು ತುಕಾರಾಮ ತೀರ್ಪು ಕೊಟ್ಟ. ಅದ್ದಲು ಬಾರದ ನೂಲಾದ್ದರಿಂದ ಇಂಥದೊಂದು ತೀರ್ಪು ಬೇಕಾಗಿತ್ತು.

ನೇಯ್ಗೆ ಮಾತ್ರ ಸಾಗಲಿಲ್ಲ. ನೇಕಾರರು ರೂಢಿಯಂತೆ ಲಾಳಿಗೆ ಬಾಯಿ ಹಚ್ಚುತ್ತಿದ್ದರು. ಉಗುಳು ತಾಗಿದ ತುದಿ ಎರಡು ಎಸೆತಕ್ಕೇ ಹರಿಯುತ್ತಿತ್ತು. ಮಾಸ್ತರ ಶಬ್ಬೀರನಿಂದ ಹಿತ್ತಾಳೆ ತಂತಿಯ ಸಣ್ಣ ಕೊಕ್ಕೆಗಳನ್ನು ಮಾಡಿಸಿ ಒಬ್ಬೊಬ್ಬನಿಗೆ ಒಂದೊಂದು ಕೊಟ್ಟ. ತೂತಿನೊಳಗೆ ಕೊಕ್ಕೆ ಹಾಕಿ ನೂಲು ಎಳೆಯಬೇಕು. ಅವರು ಕೊಕ್ಕೆಯನ್ನು ಕಿವಿಗೆ ಸಿಗಿಸಿಕೊಂಡು ಬಾಯಿಯನ್ನೇ ಹಚ್ಚಿದರು. ಹುಟ್ಟಿನಿಂದ ಬಂದ ಬಾಯಿ, ಕೊಕ್ಕೆಗಿಂತ ಮೊದಲು ಓಡುತ್ತಿತ್ತು.

ಆಗ ದೌಲಪ್ಪ ಮಾಸ್ತರನ ಹತ್ತಿರ ಹೋದ. ಕಮಲಾಪುರದ ಕುಣಿಮಗ್ಗದ ಲಾಳಿಗೆ ತೂತೇ ಇರುವುದಿಲ್ಲ, ಅದನ್ನು ಕೈಯಿಂದ ಎಸೆಯುತ್ತಾರೆ, ನೂಲನ್ನು ಬೆರಳಿನಿಂದಲೇ ಬಿಡಿಸುತ್ತಾರೆ; ತನ್ನ ಬಾಯಿಗೆ ಆ ಚಟವೇ ಇಲ್ಲವೆಂದು ತಿಳಿಸಿದ.

“ತಕರಾರು ಬಾಯಿದು ಅಂದಿದ್ರು,” ಎಂದ. “ಈಗ ಬಾಯಿ ಕೆಲಸನೇ ಇಲ್ಲಲ್ರಿ ಸಾಹೇಬ್ರ.”

ಸಲಾವುದ್ದೀನನಿಗೆ ಇದು ಲೆಕ್ಕದ ಹಾಗೆ ಸರಿಯಾಗಿ ಕಂಡಿತು. ಅವನು ಲೆಕ್ಕ ನಂಬುವವನು. ಸಾವಕಾರನ ಮುಂದೆ ಹಾಗೆಯೇ ಇಟ್ಟ. ಸಾವಕಾರ ಎರಡು ದಿನ ಮಾತೆತ್ತಲಿಲ್ಲ. ಹೈದರಾಬಾದಿನ ಅಂಗಡಿಯವನು ಎರಡನೆಯ ಸಲ ಹೇಳಿ ಕಳಿಸಿದ ಮೇಲೆ, ಗೋಡೆಯ ಪಕ್ಕದ ಮಗ್ಗದಲ್ಲಿ ಒಂದು ಹಾಸು ನೇಯ್ದು ನೋಡಲಿ ಎಂದ. ಬೇರೆ ಮಗ್ಗ ಮುಟ್ಟಬಾರದು, ನೀರಿನ ಕೊಡದ ಕಡೆಗೆ ಹೋಗಬಾರದು, ಬಂದು ಹೋಗುವುದು ಹಿಂದಿನ ಬಾಗಿಲಿನಿಂದ. ತುಕಾರಾಮನ ಮಂದಿ ಹಾಸು ಏರಿಸಿ ಕೊಟ್ಟು, ತಮ್ಮ ಕಡೆಯ ಮಗ್ಗವೊಂದನ್ನು ಜರುಗಿಸಿ ನಡುವೆ ದಾರಿ ಬಿಟ್ಟುಕೊಂಡರು.

ದೌಲಪ್ಪ ಕೂತ. ಮೊದಲು ಕಾಲು ಮಗ್ಗ ತುಳಿಯುವ ಹಲಗೆಗೆ ಹೊಂದಲಿಲ್ಲ. ಹಗ್ಗ ಜಗ್ಗಿ ಓಡಿಸುವ ಲಾಳಿ ಅವನಿಗೆ ಹೊಸದು. ಶಬ್ಬೀರ್ ಹಗ್ಗವನ್ನು ಸಡಿಲಿಸಿ ಕೊಡುತ್ತ, ಈ ಮೂಲೆಗೆ ಬಂದು ಬೈಸಿಕೊಳ್ಳಲು ಇನ್ನೊಬ್ಬ ಸಿಕ್ಕ, ಇಷ್ಟು ದಿನ ತಾನೊಬ್ಬನೇ ಇದ್ದೆ ಎಂದು ಚೇಷ್ಟೆ ಮಾಡಿದ. ನಾಲ್ಕು ದಿನಕ್ಕೆ ಕೈ ಕೂಡಿತು. ಬಟ್ಟೆ ನೀಟಾಗಿ ಇಳಿಯತೊಡಗಿತು. ಹಾಸು ಮುಗಿಯುವ ಮೊದಲೇ, ಅವನು ನೇಯ್ದಷ್ಟು ರುಮಾಲುಗಳು ಹೈದರಾಬಾದಿಗೆ ಹೋದವು. ಅಲ್ಲಿಯ ತಲೆಗಳು ಅವನ್ನು ಅದ್ದದೆಯೇ ಸುತ್ತಿಕೊಂಡವು.

ಶನಿವಾರ ಸಂಜೆಯ ಮೋಟಾರಿನಲ್ಲಿ ಅವನು ಕಮಲಾಪುರಕ್ಕೆ ಹೋದ. ಹರಿದ ನೂಲಿನ ತುಂಡುಗಳನ್ನು ರುಮಾಲಿನ ಅಂಚಿಗೆ ಕಟ್ಟಿಕೊಂಡು ಹೋಗಿದ್ದ, ಹೆಂಡತಿಗೆ ತೋರಿಸಲಿಕ್ಕೆ. ಅಂಬಮ್ಮ ಕೆಂಪು ಬಾಳೆಯ ತೋಟದಲ್ಲಿ ಗೊನೆ ಹೊತ್ತು ಬಂದು ಆಗಷ್ಟೇ ಕೂತಿದ್ದಳು. ತುಂಡುಗಳನ್ನು ದೀಪಕ್ಕೆ ಹಿಡಿದು ನೋಡಿದಳು, ಕೆನ್ನೆಗೆ ತಿಕ್ಕಿಕೊಂಡಳು. ಹೊಸೆಯಲೆಂದು ಬೆರಳಿಗೆ ಉಗುಳು ಹಚ್ಚಿಕೊಂಡಾಗ ಅವನು ತಡೆದ. ಹುಟ್ಟಾ ನೀರಿಗೆ ಹೆದರುವ ನೂಲು ಎಂದು ವಿವರಿಸಿದ.

ಅವಳಿಗೆ ನೂಲಿಗಿಂತ ಬೇರೆಯದು ಬೇಕಾಗಿತ್ತು. ಆ ಮಗ್ಗ ಅವನದೇ ಆಯಿತೇ, ಅಥವಾ ಒಂದು ಹಾಸಿನ ಮಟ್ಟಿಗೋ ಎಂದು ಕೇಳಿದಳು. ಒಂದು ಹಾಸು ನೋಡೋಣ ಅಂದಾರ ಎಂದು ಅವನು ಒಪ್ಪಿಕೊಂಡ.

“ನೋಡೂದು ಮುಗದ ಮ್ಯಾಲ?” ಎಂದಳು ಅಂಬಮ್ಮ. “ತಿರಗಿ ಗಂಟು ಹೊರತೀ? ನನಗೂ ಕೈ ಅವ. ಕುಣ್ಯಾಗ ಮಗ್ಗ ಗೆದ್ದಲ ತಿನ್ನಲಾಕತ್ತದ, ನಾ ಮಂದಿ ಬಾಳಿಗೊನಿ ಹೊರಲಾಕತ್ತೀನಿ. ನೀ ಅಲ್ಲಿ ಗಟ್ಟಿ ಕುಂತಿ ಅಂದ್ರ ನಾನೂ ಬರತೀನಿ. ಇಲ್ಲಂದ್ರ ಈ ಮಿಂಚು ತಂದು ನನಗ ತೋರಸಬ್ಯಾಡ.”

ಅವನು ತುಂಡುಗಳನ್ನು ತಿರುಗಿ ರುಮಾಲಿನ ಅಂಚಿಗೆ ಕಟ್ಟಿಕೊಂಡ.

ಅವನು ಊರಿನಲ್ಲಿದ್ದಾಗ ಕಾರಖಾನೆಯಲ್ಲಿ ಮಗ್ಗದ ಪೂಜೆ ಬಂತು. ವರ್ಷಕ್ಕೊಮ್ಮೆ, ಶ್ರಾವಣದ ಸೋಮವಾರ ಬೆಳಿಗ್ಗೆ, ಎಲ್ಲ ಮಗ್ಗಗಳಿಗೆ ವಿಭೂತಿ ಹಚ್ಚಿ, ಹೂ ಏರಿಸಿ, ತುಕಾರಾಮ ಒಂದೊಂದರ ಹಲಗೆಯನ್ನೂ ಒಮ್ಮೆ ತುಳಿದು ಲಾಳಿ ಓಡಿಸುವುದು ಪದ್ಧತಿ. ಸಾಲಿನಲ್ಲಿ ಒಂದು ಮಗ್ಗ ಬಿಟ್ಟರೆ ಪೂಜೆ ಸಲ್ಲುವುದಿಲ್ಲ. ಗೋಡೆಯ ಪಕ್ಕದ್ದನ್ನು ಹಾಗೆಯೇ ಮುಟ್ಟಲು ಬರುವುದಿಲ್ಲ. ನೀರು ತಾಗಬಾರದೆಂದು ಮಾಸ್ತರ ಹೇಳಿದ್ದು ಅವರಿಗೆ ನೆನಪಿತ್ತು. ಆದರೆ ಅದು ಕುಡಿಯುವ, ತೊಳೆಯುವ ನೀರಿನ ಮಾತು. ಪೂಜೆಯ ನೀರು ನೀರಲ್ಲ ಎಂಬುದು ಅವರ ತಿಳಿವಳಿಕೆ. ಮೊದಲು ಹನಿಸಿದರು. ಹೊಲೆಯ ಕೂತು ಎದ್ದ ಮಗ್ಗಕ್ಕೆ ಹನಿ ಸಾಕೇ ಎಂದು ಯಾರೋ ಅಂದರು. ಒಂದು ಕೊಡ ಸುರಿದರು. ಹಾಸು ಅಷ್ಟಗಲಕ್ಕೂ ನೆನೆಯಿತು. ತುಕಾರಾಮ ಕೂತು ಹಲಗೆ ತುಳಿದ. ಎಳೆಗಳು ಮೇಲೆ ಕೆಳಗೆ ಬಾಯಿ ಬಿಡುವಾಗ ಸಪ್ಪಳವಿಲ್ಲದೆ ಹರಿದವು, ಮೊದಲು ಅಂಚಿನಲ್ಲಿ, ಆಮೇಲೆ ನಡುವೆ.

ಅದೇ ಮುಂಜಾನೆ ದೌಲಪ್ಪ ಊರಿನಿಂದ ತಿರುಗಿ ಹಿಂದಿನ ಬಾಗಿಲಿನಿಂದ ಒಳಗೆ ಬಂದಾಗ ಹರಿದ ಎಳೆಗಳು ಮಗ್ಗದಿಂದ ಜೋಲಾಡುತ್ತಿದ್ದವು. ನೆಲದ ಮೇಲೆ ನೀರು, ನೀರಿನಲ್ಲಿ ಹೂ. ಸಾವಕಾರ ಬಂದು ನಿಂತಿದ್ದ. ದೌಲ್ಯಾ ಹಾಸನ್ನು ಸಡಿಲ ಹಿಡಿದು ನೇಯ್ದದ್ದಕ್ಕೆ ಹೀಗಾಯಿತೆಂದು ತುಕಾರಾಮ ಅವನಿಗೆ ವಿವರಿಸುತ್ತಿದ್ದ. ದೌಲಪ್ಪನಿಗೆ ಒಂದೇ ಸಲಕ್ಕೆ ಎರಡು ತಿಳಿದವು: ನೀರು ಯಾಕೆ ಬಿತ್ತು ಎಂಬುದು, ಮಗ್ಗ ಹೋಯಿತು ಎಂಬುದು.

ಸಲಾವುದ್ದೀನ್ ಆಮೇಲೆ ಬಂದ. ಅವನು ಸಿಟ್ಟು ಮಾಡಲಿಲ್ಲ. ಪೆಟ್ಟಿಗೆಯಿಂದ ಒಂದು ನೂಲು ಬಿಡಿಸಿ ಎರಡು ತುಂಡು ಮಾಡಿ, ಒಂದನ್ನು ನೀರಿನಲ್ಲಿ ನೆನೆಸಿ, ಎರಡನ್ನೂ ತೊಲೆಗೆ ಕಟ್ಟಿ ಸಮನಾದ ಕಲ್ಲುಗಳನ್ನು ತೂಗಬಿಟ್ಟ. ಒಣಗಿದ್ದು ಹಿಡಿಯಿತು. ಒದ್ದೆಯದು ಹಿಗ್ಗಿತು, ಹರಿಯಿತು, ಕಲ್ಲು ನೆಲಕ್ಕೆ ಬಿತ್ತು. ನೇಕಾರರೆಲ್ಲ ಸುತ್ತ ನಿಂತು ಕಂಡರು. ಯಾರೂ ಅಲ್ಲಗಳೆಯಲಿಲ್ಲ. ಮಾಸ್ತರ ಮುಗಿಯಿತೆಂಬಂತೆ ಕೈ ಒರೆಸಿಕೊಂಡ.

“ನೀರಿಂದೇ ಹರೀತು, ಒಪ್ಪಿದಿವ್ರಿ,” ಎಂದ ತುಕಾರಾಮ. “ಆದ್ರ ನೀರು ಯಾಕ ಹಾಕಿದಿವ್ರಿ? ಇವ ಕುಂತಿದ್ದಕ್ಕ. ಇವ ಕುಂಡ್ರದಿದ್ರ ನೀರು ಬೀಳತಿತ್ತೇನು? ನೀವೇ ಹೇಳ್ರಿ ಸಾಹೇಬ್ರ.”

ಸುತ್ತ ನಿಂತವರಿಗೆ ಇದೂ ಲೆಕ್ಕದ ಹಾಗೆ ಸರಿಯಾಗಿಯೇ ಕಂಡಿತು. ಮಾಸ್ತರನ ವಿದ್ಯೆಯಲ್ಲಿ ಇದಕ್ಕೆ ಕಲ್ಲು ತೂಗಬಿಡುವ ಉಪಾಯವಿರಲಿಲ್ಲ.

ಸಾವಕಾರ ಅಪ್ಪಣೆ ಮಾಡಿದ. ದೌಲ್ಯಾ ಗಂಟು ಹೊರುವ ಕೆಲಸಕ್ಕೆ ತಿರುಗಿ ಹೋಗಬೇಕು. ಒದ್ದೆ ಒಣಗಿದ ಮೇಲೆ ತುಕಾರಾಮನ ತಮ್ಮ ಈ ಮಗ್ಗಕ್ಕೆ ಕೂತು, ಹರಿದ ಎಳೆಗಳನ್ನು ಗಂಟು ಹಾಕಿ ಹಾಸು ಮುಗಿಸಬೇಕು.

ತಮ್ಮ ಕದಲಲಿಲ್ಲ. ತುಕಾರಾಮ ಅವನ ಪರವಾಗಿ ಕೆಮ್ಮಿದ. ಪೂಜೆಗೆಂದು ಒಮ್ಮೆ ತುಳಿಯುವುದು ಬೇರೆ, ದಿನವಿಡೀ ಒಂದೊಂದೇ ಎಳೆ ಬೆರಳಿನಲ್ಲಿ ಹಿಡಿದು ಗಂಟು ಹಾಕುವುದು ಬೇರೆ. ಮಗ್ಗದ ಸುರುಳಿಗೆ ಸುತ್ತಿಕೊಂಡ ಹಾಸುನೂಲಿಗೆ ನೀರು ಮುಟ್ಟೇ ಇಲ್ಲ. ಅದಕ್ಕೆ ತಾಗಿದ ದೌಲ್ಯಾನ ಮೈಲಿಗೆ ಇನ್ನೂ ತೊಳೆದು ಹೋಗಿಲ್ಲ. ಅಲ್ಲಿಗೂ ನೀರು ಮುಟ್ಟಿಸಬಹುದೇ ಎಂದು ಸಾವಕಾರ ಮಾಸ್ತರನನ್ನು ಕೇಳಿದ. ಮುಟ್ಟಿಸಿದರೆ ಉಳಿದದ್ದೂ ಹೋಗುತ್ತದೆ ಎಂದ ಮಾಸ್ತರ.

“ಹಂಗಾದ್ರ ಇದನ್ನ ಯಾರು ಮುಟ್ಟತಾರ್ರೀ ಸಾವಕಾರ್ರ?” ಎಂದು ದೌಲಪ್ಪ ಕೇಳಿದ. ಅವನು ಕೆಣಕಲು ಕೇಳಿದ್ದಲ್ಲ. ನಿಜವಾಗಿ ತಿಳಿಯಬೇಕಾಗಿತ್ತು.

“ನೀನೇ ಕಟ್ಟು,” ಎಂದ ಸಾವಕಾರ. “ಇದೊಂದು ಹಾಸು ಮುಗಸು. ಆಮ್ಯಾಲ ಈ ಸಾಲಿನಾಗ ನಿನ್ನ ನೆರಳೂ ಕಾಣಬಾರದು.”

ದೌಲಪ್ಪ ಹೂಂ ಅಂದ. ಮಗ್ಗದ ಕಡೆಗೆ ಎರಡು ಹೆಜ್ಜೆ ಹೋದವನು ನಿಂತ. ಆಮೇಲೆ ತಿರುಗಿ ನೂಲಿನ ಕೋಣೆಗೆ ನಡೆದ. ಪೆಟ್ಟಿಗೆ ಹೊರುವವನು ಅವನೇ ಆದ್ದರಿಂದ ಯಾರೂ ತಡೆಯಲಿಲ್ಲ. ಒಳಗೆ ಮೊಳೆ ಕೀಳುವ ಸಪ್ಪಳ ಕೇಳಿತು. ಒಂದು, ಮತ್ತೊಂದು. ಎಲ್ಲಕ್ಕಿಂತ ಮೊದಲು ಬಾಗಿಲಿಗೆ ಬಂದವನು ಶಬ್ಬೀರ್; ಅವನು ಒಳಗೆ ನೋಡಿ, ಬೇರೆಯವರಿಗೆ ಕಾಣುವ ಹಾಗೆ ಪಕ್ಕಕ್ಕೆ ಸರಿದ.

ದೌಲಪ್ಪ ಪೆಟ್ಟಿಗೆಗಳ ಮುಚ್ಚಳ ತೆಗೆದು ಸಾಲಾಗಿ ಇಟ್ಟಿದ್ದ. ಒಂದರ ಮುಂದೆ ಕೂತು, ಮೇಲಿನ ಕಾಗದ ಸರಿಸಿ, ನೂಲಿನ ಲಡಿಗಳ ಮೇಲೆ ಎರಡೂ ಅಂಗೈ ಇಟ್ಟ. ಒಂದೊಂದನ್ನೂ ಎತ್ತಿ, ಮಗುವಿನ ತಲೆ ಸವರುವಂತೆ ಸವರಿ, ಇದ್ದಲ್ಲೇ ಇಟ್ಟ. ತಳದ ಲಡಿಗಳವರೆಗೂ ಕೈ ಇಳಿಸಿದ. ಒಂದು ಎಳೆಯೂ ಕೆಡಲಿಲ್ಲ, ಒಂದು ಗಂಟೂ ಬೀಳಲಿಲ್ಲ. ಆಮೇಲೆ ಮುಂದಿನ ಪೆಟ್ಟಿಗೆಗೆ ಹೋದ. ಹಗಲು ಬೆಳಕು ಕಿಟಕಿಯಿಂದ ನೇರ ಬೀಳುತ್ತಿತ್ತು. ನೇಕಾರರೆಲ್ಲ ಬಾಗಿಲಲ್ಲಿ ನೆರೆದಿದ್ದರು. ಕಂಡಿಲ್ಲವೆನ್ನಲು ಯಾರಿಗೂ ಬರುವಂತಿರಲಿಲ್ಲ.

ಸಾವಕಾರ ಮಂದಿಯನ್ನು ಸರಿಸಿಕೊಂಡು ಒಳಗೆ ಬಂದಾಗ ಕೊನೆಯ ಪೆಟ್ಟಿಗೆ ನಡೆದಿತ್ತು.

“ಏನು ಮಾಡಿದ್ಯೋ ಇದು?”

“ಮುಟ್ಟಿದೆ ರೀ,” ಎಂದ ದೌಲಪ್ಪ.

ಸಾವಕಾರ ಕೈಯಲ್ಲಿದ್ದ ಬೆತ್ತ ಎತ್ತಿದ, ಹೆಗಲಿಗೆ ಒಂದು ಬಿತ್ತು, ಎರಡು ಬಿತ್ತು. ದೌಲಪ್ಪ ತಪ್ಪಿಸಿಕೊಳ್ಳಲಿಲ್ಲ, ಪೆಟ್ಟು ತಿನ್ನುತ್ತಲೇ ಕೈಯಲ್ಲಿದ್ದ ಲಡಿಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟ. ಹೊಡೆಯುವುದರಿಂದ ನೂಲು ತೊಳೆದಂತಾಗುವುದಿಲ್ಲ ಎಂಬುದು ಮೂರನೆಯ ಏಟಿಗೆ ಮೊದಲು ಸಾವಕಾರನಿಗೆ ಹೊಳೆಯಿತು. ಬೆತ್ತ ಕೆಳಗಿಳಿಯಿತು. ಪೊಲೀಸ್ ಚೌಕಿಗೆ ಒಪ್ಪಿಸುತ್ತೇನೆಂದ. ಕಳವು ಆಗಿಲ್ಲ, ಏನೂ ಹರಿದಿಲ್ಲ, ಚೌಕಿಯಲ್ಲಿ ಏನೆಂದು ಹೇಳುತ್ತೀರಿ ಎಂದು ಮಾಸ್ತರ ಕೇಳಿದ. ಅವನ ದನಿಯಲ್ಲಿ ಕುತೂಹಲ ಬಿಟ್ಟು ಬೇರೇನೂ ಇರಲಿಲ್ಲ.

ಸಾವಕಾರ ತುಕಾರಾಮನ ಕಡೆಗೆ ತಿರುಗಿದ. ನಾಲ್ಕು ಗೋಡೆಯೊಳಗೆ ಆದದ್ದು, ಹೊರಗೆ ಹೋಗುವುದಿಲ್ಲ, ಎಲ್ಲರೂ ಕೂಡಿ ಸುಗ್ಗಿ ದಾಟಿಸಿರಿ ಎಂದ. ಮುಖ ಸಣ್ಣದು ಮಾಡಿಕೊಂಡು ಕೇಳಿದ. ತುಕಾರಾಮ ತೆರೆದ ಪೆಟ್ಟಿಗೆಗಳನ್ನು ನೋಡಿದ. ಅವನ ಹಿಂದೆ ಅವನ ತಮ್ಮ, ಅಳಿಯ, ಬೀಗರು ನಿಂತಿದ್ದರು. ಯಾರು ಮೊದಲು ಒಪ್ಪುತ್ತಾರೋ ಅವರ ಮನೆಯ ನೀರು ಕುಡಿಯುವುದನ್ನು ಉಳಿದವರು ಬಿಡುತ್ತಾರೆ. ಅವನು ಆಗದೆಂದು ತಲೆ ಅಲ್ಲಾಡಿಸಿ ಹತ್ತಿಯ ಮಗ್ಗಗಳ ಕಡೆಗೆ ನಡೆದ. ಮಂದಿಯೂ ನಡೆಯಿತು.

ಕೋಣೆಯಲ್ಲಿ ಸಾವಕಾರ, ಮಾಸ್ತರ, ದೌಲಪ್ಪ ಮೂವರೇ ಉಳಿದರು. ಸಾವಕಾರ ಪೆಟ್ಟಿಗೆಯ ಅಂಚಿಗೆ ಕೂತು ಬೆವರು ಒರೆಸಿಕೊಂಡ. ತಲೆ ಎತ್ತದೆಯೇ ಕೇಳಿದ.

“ಕಮಲಾಪುರದಾಗ ನಿಮ್ಮ ಕೇರ್ಯಾಗ ನೇಯಾಕ ಬರವ್ರು ಅದಾರೇನು?”

“ಅದಾರ್ರಿ.”

“ಎಷ್ಟು ಮಂದಿ?”

“ನಿಮ್ಮ ಸಾಲಿನಾಗ ಎಷ್ಟು ಮಗ್ಗ ಬನಾವಟಿ ರೇಶ್ಮಿಗಿ ಬೇಕ್ರಿ ಸಾವಕಾರ್ರ, ಅಷ್ಟು ಮಂದಿ ಅದಾರ. ಹಿಂದಿನ ಬಾಗಿಲ ಬ್ಯಾಡ್ರಿ. ಹೆಣ್ಮಕ್ಕಳೂ ಬರತಾರ, ಅವರಿಗಿ ಆ ಬಾಗಿಲ ಕಡಿ ಕೆಸರು ಭಾಳ.”

ಸಾವಕಾರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಕಮಲಾಪುರದ ಮೋಟಾರು ಮಧ್ಯಾಹ್ನಕ್ಕೆ ಬಿಡುತ್ತದೆ, ಯಾರ ಕೈಯಲ್ಲಾದರೂ ಹೇಳಿ ಕಳಿಸು ಎಂದಷ್ಟೇ ಅಂದು ಎದ್ದು ಹೋದ. ದೌಲಪ್ಪ ಹೆಗಲು ಸವರಿಕೊಂಡು ಪೆಟ್ಟಿಗೆಗಳ ಮುಚ್ಚಳ ಹಾಕತೊಡಗಿದ. ಮಾಸ್ತರ ಇನ್ನೊಂದು ತುದಿ ಹಿಡಿದ.